ಹದಿನೇಳನೇ ತಾರೀಖಿನ ಗಾಜು

ಬುಧವಾರ ಸಂಜೆ ಗದಗಿಗೆ ಹೊರಟ ಬಸ್ಸಿನಲ್ಲಿ ಕೂತು ನಾನು ಚಿಂತಿಸುತ್ತಿದ್ದದ್ದು ಒಂದು ಏಳರ ಬಗ್ಗೆ. ಎಂಜಿನಿಯರ್ ಹೊನ್ನೇಶ ಅವರು ಏಳು ಬರೆದರೆ ಅದರ ಸೊಂಟಕ್ಕೊಂದು ಅಡ್ಡಗೆರೆ ಎಳೆಯುತ್ತಾರೆ. ನನಗೆ ಆ ರೂಢಿಯಿಲ್ಲ. ಗೋಡೆಗೆ ಹೊಸದಾಗಿ ಹಚ್ಚಿದ ಮೂರು ಗಾಜಿನ ಪಟ್ಟಿಗಳ ಮೇಲೆ ನಾನು ಅವರ ಅಕ್ಷರದಲ್ಲಿ 17-7 ಎಂದು ಬರೆಯಬೇಕಾಗಿತ್ತು. ಮೇಲಿನ ಎರಡರಲ್ಲಿ ಗೆರೆ ಎಳೆದದ್ದು ನೆನಪಿದೆ. ಕೆಳಗಿನದರ ಕೊನೆಯ ಏಳಕ್ಕೆ ಎಳೆದೆನೋ ಇಲ್ಲವೋ ತಿಳಿಯದು. ಮರುದಿನ ಅವರು ನೋಡಲು ಬರುವವರಿದ್ದರು. ಡಂಬಳ ದಾಟುವವರೆಗೂ ನಾನು ಬೆರಳಿನಿಂದ ತೊಡೆಯ ಮೇಲೆ ಏಳು ಬರೆಯುತ್ತಲೇ ಇದ್ದೆ.

ತಾರೀಖೇ ಸುಳ್ಳು ಎಂಬುದು ಆಗ ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಗೆರೆ ಕಾಡಿತು.

ನಾನು ಬೆಟಗೇರಿಯ ನೇಕಾರರ ಮನೆಯವಳು. ಬಿ.ಎ., ಬಿ.ಇಡಿ. ಮುಗಿಸಿ ಈ ಜೂನ್‌ನಿಂದ ಬೆಣಚಿನಕಟ್ಟಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಮುಂಡರಗಿಯಲ್ಲಿ ಇಳಿದು ಟಂಟಂ ಆಟೊ ಹಿಡಿಯಬೇಕು. ಎರಡು ಕೋಣೆ, ನಲವತ್ತೊಂದು ಮಕ್ಕಳು, ಹೆಡ್‌ಮಾಸ್ತರ ಅಂದಾನಪ್ಪನವರು, ಬಿಸಿಯೂಟದ ಶಾರದವ್ವ, ನಾನು, ಇಷ್ಟೇ ಶಾಲೆ. ಒಂದರಿಂದ ಮೂರನೇ ತರಗತಿ ಮಾಸ್ತರರ ಕೋಣೆಯಲ್ಲಿ, ನಾಲ್ಕು ಮತ್ತು ಐದು ನನ್ನ ಕೋಣೆಯಲ್ಲಿ. ಶಾಲೆಯ ಬೆನ್ನಿಗೆ ಗುಡ್ಡ. ಗುಡ್ಡ ಎನ್ನುವುದು ಈಗ ರೂಢಿಯ ಮಾತಷ್ಟೇ. ಕಡಿದಿಟ್ಟ ರೊಟ್ಟಿಯ ಹಾಗೆ ಅದರ ಒಂದು ಮಗ್ಗುಲು ಮಾತ್ರ ಉಳಿದಿದೆ. ಇನ್ನೊಂದು ಮಗ್ಗುಲು ಕಲ್ಲಿನ ಕ್ವಾರಿ.

ನಮ್ಮಲ್ಲಿ ಊಟದ ಗಂಟೆಯನ್ನು ಗಡಿಯಾರ ನೋಡಿ ಬಾರಿಸುವುದಿಲ್ಲ. ಕ್ವಾರಿಯ ಮೊದಲ ಸೈರನ್ ಕೂಗಿದಾಗ ಮಕ್ಕಳು ತಾಟು ಹಿಡಿದು ಹೊರಗೆ ಬೇವಿನ ಗಿಡದ ಕೆಳಗೆ ಕೂರುತ್ತಾರೆ. ಶಾರದವ್ವ ಬಡಿಸಿ, ಸಾಂಬಾರಿನ ಬೋಗುಣಿಗೆ ಮುಚ್ಚಳ ಇಟ್ಟು ಅದರ ಮೇಲೊಂದು ಕಲ್ಲು ಹೇರುತ್ತಾಳೆ. ಎರಡನೇ ಸೈರನ್ನಿಗೆ ಎಲ್ಲರೂ ತಾಟಿನ ಮೇಲೆ ಎರಡೂ ಅಂಗೈ ಮುಚ್ಚುತ್ತಾರೆ. ಸಿಡಿತ ಮೊದಲು ತಿಳಿಯುವುದು ಅಂಗಾಲಿಗೆ, ಆಮೇಲೆ ಕಿವಿಗೆ. ಧೂಳು ಬಂದು ಕೂತು ಹೋದ ಮೇಲೆ ಅಂಗೈ ತೆಗೆದು ಉಣ್ಣುತ್ತಾರೆ. ಮಕ್ಕಳು ಒಳಗಿರುವಾಗ ಬಂಡೆ ಹಾರಿಸಬಾರದೆಂದು ಅಂದಾನಪ್ಪನವರು ನಾಲ್ಕು ವರ್ಷದ ಹಿಂದೆ ಕ್ವಾರಿಯವರ ಜೊತೆ ಜಗಳಾಡಿ ಮಾಡಿಕೊಂಡ ಏರ್ಪಾಡು ಇದು. ಮೊದಲ ದಿನ ನಾನು ಬೆಚ್ಚಿ ಎದ್ದು ನಿಂತದ್ದನ್ನು ನೋಡಿ ನಾಲ್ಕನೇ ತರಗತಿಯ ಅಂಕಿತಾ ಹತ್ತಿರ ಬಂದಿದ್ದಳು.

"ಹೆದರಬ್ಯಾಡ್ರಿ ಅಕ್ಕಾರ. ಅದು ನಮ್ಮ ಊಟದ ಗಂಟಿ."

ಅಂಕಿತಾ ಶಾರದವ್ವನ ಮೊಮ್ಮಗಳು. ನನ್ನ ಕೋಣೆಯ ಹಿಂದಿನ ಗೋಡೆಯಲ್ಲಿ ಮೇಲಿನಿಂದ ಕೆಳಗೆ ಬಿರುಕು ಇದೆ ಎಂದು ನನಗೆ ತೋರಿಸಿದವಳೂ ಅವಳೇ. ಅದನ್ನು ಮಕ್ಕಳು ಅಳೆಯುತ್ತಿದ್ದರು. ಜೂನ್‌ನಲ್ಲಿ ಅದರೊಳಗೆ ಪುಸ್ತಕದ ಹಾಳೆ ಹೋಗುತ್ತಿತ್ತು. ಜುಲೈ ಹೊತ್ತಿಗೆ ಹಣಿಗೆಯ ಹಲ್ಲು.

ಜುಲೈ ಹದಿನೇಳಕ್ಕೆ ಹೊನ್ನೇಶ ಅವರು ಬಂದರು. ಶಿಗ್ಲಿಯ ಕಡೆಯ ಹುಡುಗ, ಹೊಸದಾಗಿ ಕೆಲಸಕ್ಕೆ ಸೇರಿದವರು. ಗೇಣುದ್ದದ ಮೂರು ತೆಳು ಗಾಜಿನ ಪಟ್ಟಿಗಳನ್ನು ಬಿರುಕಿಗೆ ಅಡ್ಡವಾಗಿ ಹಿಡಿದು, ಎರಡೂ ತುದಿಗೆ ಸಿಮೆಂಟ್ ಮೆತ್ತಿ, ಒಣಗಿದ ಮೇಲೆ ಗಾಜಿನ ಮೇಲೆ ತಾರೀಖು ಬರೆದರು.

"ನೋಡ್ರಿ ಸರ್, ಗ್ವಾಡಿ ಕೂದಲೆಳಿಯಷ್ಟು ಸರದ್ರೂ ಈ ಗಾಜು ತಡ್ಯಾಂಗಿಲ್ಲ, ಒಡದ ಬಿಡತೈತಿ," ಎಂದರು ಮಾಸ್ತರರಿಗೆ. "ಎರಡು ತಿಂಗಳು ಹಿಂಗ ಇದ್ರ ಇದು ಸತ್ತ ಬಿರುಕು, ಗಿಲಾವ್ ಮಾಡಿ ಬಿಡೂಣು. ಒಡೀತು ಅಂದ್ರ ಜೀವಂತ ಐತಿ ಅಂತ. ಆಮ್ಯಾಲೆ ಒಂದು ದಿನಾನೂ ಇಲ್ಲಿ ಹುಡುಗೂರ್ನ ಕುಂಡ್ರಸಬ್ಯಾಡ್ರಿ."

ಮಕ್ಕಳು ಇಷ್ಟರಲ್ಲಿ ಒಂದೇ ಮಾತು ಹಿಡಿದರು. ಗೋಡೆಗೆ ಜೀವ ಇರಬಹುದು. ಅಂದಿನಿಂದ ಒಬ್ಬರಲ್ಲ ಒಬ್ಬರು ಗೋಡೆಗೆ ಕಿವಿ ಹಚ್ಚುವುದು ಶುರುವಾಯಿತು. "ಒಳಗ ಯಾರೋ ಜ್ವಾಳಾ ಬೀಸಾಕತ್ತಾರ ಅಕ್ಕಾರ," ಎಂದಳು ಅಂಕಿತಾ ಒಂದು ದಿನ. ಹುಚ್ಚಿ, ಹೋಗಿ ಕೂತುಕೋ ಎಂದೆ. ಎಲ್ಲರೂ ಹೊರಗೆ ಹೋದ ಮೇಲೆ ನಾನೂ ಕಿವಿ ಹಚ್ಚಿದೆ. ಬೀಸುವ ಸಪ್ಪಳವೇ. ಬಹಳ ದೂರದಲ್ಲಿ, ಅವಸರವಿಲ್ಲದೆ.

ದೊಡ್ಡವರು ಹಿಡಿದದ್ದು ಬೇರೆ. ಊರಿನಲ್ಲಿ ಕೈ ಮುರಿದರೆ ಬಿದಿರಿನ ದಬ್ಬೆ ಕಟ್ಟಿ ಕೂಡಿಸುವವರಿದ್ದಾರೆ. ಶಾರದವ್ವ ಗಾಜಿನ ಪಟ್ಟಿಗಳನ್ನು ಸವರಿ ನೋಡಿ, "ಇದೂ ದಬ್ಬಿ ಕಟ್ಟಿದಂಗ ಆತು ಬಿಡ್ರಿ. ಎಂಜಿನೇರ್ ಶಾಣ್ಯಾ ಅದಾನ," ಎಂದಳು. ನಾನು ನಕ್ಕೆ. ಗಾಜು ಗೋಡೆಯನ್ನು ಹಿಡಿಯುವುದಿಲ್ಲ, ಗೋಡೆ ಸರಿದರೆ ಬರೀ ತಿಳಿಸುತ್ತದೆ ಎಂದು ಅವಳಿಗೆ ಹೇಳಬೇಕಿತ್ತು. ದೊಡ್ಡವರನ್ನು ತಿದ್ದುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಆ ನಗೆಯನ್ನೇ ಅವಳು ಹೌದು ಎಂದುಕೊಂಡಳು.

ಈ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಸೈರನ್ನೇ ಇಲ್ಲದೆ ಸಿಡಿಯಿತು. ಮಕ್ಕಳೆಲ್ಲ ಒಳಗಿದ್ದರು. ನಾನು ಬೋರ್ಡಿಗೆ ಮುಖ ಮಾಡಿ ಭಾಗಾಕಾರ ಬರೆಯುತ್ತಿದ್ದೆ. ನೆಲ ಒಮ್ಮೆ ನೂಕಿದ ಹಾಗಾಯಿತು. ಬಳಿಕ ಬೆನ್ನ ಹಿಂದೆ, ನಟಿಕೆ ಮುರಿದ ಹಾಗೆ, ಮೇಲಿನಿಂದ ಕೆಳಗೆ ಮೂರು ಸಪ್ಪಳ. ಟಕ್. ಟಕ್. ತುಸು ತಡೆದು, ಟಕ್.

ಯಾರೂ ಅಳಲಿಲ್ಲ. ಅಂಕಿತಾ ಎದ್ದು ತನ್ನ ಪಾಟೀಚೀಲ ತೆಗೆದುಕೊಂಡು, ನನ್ನನ್ನು ಕೇಳದೆ, ಬಾಗಿಲ ಬಳಿ ಹೋಗಿ ಕೂತಳು. ಮಧ್ಯಾಹ್ನ ಆ ಬಿರುಕಿನೊಳಗೆ ಬಳಪ ಹೋಯಿತು. ಇಡೀ ಬಳಪ. ತಿರುಗಿ ಬರಲಿಲ್ಲ.

ಅಂದಾನಪ್ಪನವರು ಅಂದೇ ನನ್ನ ಮಕ್ಕಳನ್ನು ಬೇವಿನ ಗಿಡದ ಕೆಳಗೆ ಕೂರಿಸಿದರು. ಮಂಗಳವಾರ ಬೆಳಿಗ್ಗೆ ಎಂಜಿನಿಯರ್ ಗುರುವಾರ ಬರುತ್ತಾರೆಂದು ಫೋನು ಬಂತು. ಮಾಸ್ತರರು ನನ್ನನ್ನು ಕರೆದರು. ನಿವೃತ್ತಿಗೆ ಎಂಟು ತಿಂಗಳಿರುವ ಮನುಷ್ಯ. ಯಾವ ಮಗುವನ್ನೂ ಅವರು ಹೊಡೆದದ್ದು ನಾನು ಕಂಡಿಲ್ಲ.

"ನೋಡವಾ ತಂಗಿ," ಎಂದರು, "ಒಡದೈತಿ ಅಂತ ಆಂವ ಬರಕೊಂಡ ಹ್ವಾದ ಅಂದ್ರ ಸಾಲಿ ಬಂದ್. ಇವರನ್ನೆಲ್ಲ ಆಚಿ ಊರಿನ ಸಾಲಿಗೆ ಸೇರಸ್ತಾರ. ಮೂರು ಕಿಲೋಮೀಟರು, ಟಿಪ್ಪರ್ ಓಡಾಡೂ ದಾರಿ. ಹ್ವಾದ ವರ್ಷ ಗುಡ್ಡದ ಹಿಂದಿನ ಸಾಲಿ ಮುಚ್ಚಿದ್ರಲ್ಲ, ಹನ್ನೊಂದು ಹೆಣ್ಣಹುಡುಗೂರು ಇದ್ವು. ನಮ್ಮ ಸಾಲಿಗೆ ಎಷ್ಟು ಬಂದ್ವು ಹೇಳು?"

"ಗೊತ್ತಿಲ್ರಿ ಸರ್."

"ಮೂರು. ಉಳಿದಾವು ಎಲ್ಲಿ ಅದಾವ ಅಂತ ನಾ ಕೇಳೂದ ಬಿಟ್ಟೀನಿ."

"ಆದ್ರ ಸರ್, ಗ್ವಾಡಿ..."

"ನಾ ಏನು ಇವಕ್ಕ ವೈರಿ ಏನವಾ? ಹೊಸ ಕೋಣಿ ಮಂಜೂರಾಗೈತಿ. ಡಿಸೆಂಬರ್‌ಕ್ಕ ಬುನಾದಿ ತಗೀತಾರ. ಅಲ್ಲಿತನಕ ನಿನ್ನ ಹುಡುಗೂರು ಗಿಡದ ಬುಡಕ ಕುಂಡ್ರಲಿ. ಒಂದೂ ಕೂಸು ಆ ಕೋಣ್ಯಾಗ ಕಾಲಿಡಾಂಗಿಲ್ಲ, ಇದು ನನ್ನ ಮಾತು. ಬರೀ ಕಾಗದದಾಗ ಗ್ವಾಡಿ ಗಟ್ಟಿ ಇದ್ರ ಸಾಕು. ನೀ ಗದಗಿನಿಂದ ಬರ್ತಿ, ಮೂರು ಗಾಜು ಕೊಯ್ಸಿಕೊಂಡು ಬಾ. ನಿನ್ನ ಅಕ್ಷರ ಛಲೋ ಅದಾವ."

ನಾನು ಆಗಲ್ಲ ಎನ್ನಲಿಲ್ಲ. ಆತ್ರಿ ಎಂದೂ ಅನ್ನಲಿಲ್ಲ. ತಲೆ ತಗ್ಗಿಸಿದೆ. ನಮ್ಮ ಕಡೆ ಅದಕ್ಕೆ ಒಂದೇ ಅರ್ಥ.

ಸಂಜೆ ಬೆಟಗೇರಿಯಲ್ಲಿ ಫೋಟೊಗಳಿಗೆ ಚೌಕಟ್ಟು ಹಾಕುವ ಜಾವೀದನ ಅಂಗಡಿಗೆ ಹೋದೆ. ಅವನು ಅಳತೆ ಕೇಳಿ ಹುಬ್ಬೇರಿಸಿದ.

"ಇಷ್ಟು ಸಣ್ಣ ಫೋಟೊ ಯಾರದ್ರಿ ಅಕ್ಕಾ? ಹಲ್ಲೀದಾ?"

"ಸಾಲಿಗೆ ಬೇಕು. ವಿಜ್ಞಾನ."

"ಹಂಗಾದ್ರ ದಪ್ಪಂದ ಕೊಡ್ತೀನಿ. ತೆಳ್ಳಂದು ಲಗೂನ ಒಡೀತೈತಿ."

"ಬ್ಯಾಡ. ಒಡಿಯೋದ ಬೇಕು," ಎಂದೆ, ಎಂದವಳೇ ತುಟಿ ಕಚ್ಚಿಕೊಂಡೆ.

"ಒಡ್ಯಾಕ ಅಂತನ ಗಾಜು ಒಯ್ಯೂ ಗಿರಾಕಿನ ಇವತ್ತ ನೋಡಿದೆ ನೋಡ್ರಿ," ಎಂದು ನಗುತ್ತ, ವಜ್ರದ ಕಡ್ಡಿಯಿಂದ ಚರ್ ಎಂದು ಗೀರಿದ.

ಬುಧವಾರ ಶಾಲೆ ಬಿಟ್ಟ ಮೇಲೆ ಮಾಸ್ತರರು ಒಡೆದ ಗಾಜುಗಳನ್ನು ಉಳಿಯಿಂದ ಎಬ್ಬಿಸಿದರು. ನಾನು ಹೊಸವನ್ನು ಹಿಡಿದೆ, ಅವರು ಸಿಮೆಂಟ್ ಮೆತ್ತಿದರು. ಒಣಗಿದ ಮೇಲೆ ನಾನು ತಾರೀಖು ಬರೆದೆ. ಹೊಸ ಸಿಮೆಂಟ್ ಗೋಡೆಗಿಂತ ಬೇರೆಯಾಗಿ ಎದ್ದು ಕಾಣುತ್ತಿತ್ತು. ಚಹಾದ ಚರಟ ಸವರಿ ಮೇಲೆ ಧೂಳು ತೂರಿದರೆ ಹಳೆಯದಾಗುತ್ತದೆ ಎಂದು ಹೇಳಿ ಮಾಸ್ತರರು ಕ್ವಾರಿಯ ಕಡೆ ಹೊರಟರು. ನಾಳೆ ಎಂಜಿನಿಯರ್ ಹೋಗುವವರೆಗೆ ಹಾರಿಸಬೇಡಿ ಎಂದು ಕೇಳಿಕೊಳ್ಳುವುದಿತ್ತು. ಚರಟಕ್ಕಾಗಿ ನಾನು ಅಡುಗೆ ಕೋಣೆಗೆ ಹೋದೆ. ಶಾರದವ್ವ ಹಿಂದೆಯೇ ಬಂದು, ನಾನು ಸವರುವುದನ್ನು ಸೆರಗು ಸಿಕ್ಕಿಸಿಕೊಂಡು ನಿಂತು ನೋಡಿದಳು.

"ಹೊಸಾ ದಬ್ಬಿ ಕಟ್ಟಿದ್ರ್ಯಾ?"

ನಾನು ಚರಟ ಸವರುತ್ತಲೇ ಇದ್ದೆ.

"ಛಲೋ ಆತ್ ನೋಡ್ರಿ. ನಮ್ಮ ಹುಡುಗಿ ಮೂರು ದಿನ ಆತು, ಉಣಾಕ ಒಲ್ಲೆ ಅಂತೈತಿ. ಗ್ವಾಡಿ ನನ್ನ ಮ್ಯಾಲೆ ಬರ್ತೈತಿ ಅಂತ ಕನವರಸ್ತೈತಿ. ಅಕ್ಕಾರ ತಮ್ಮ ಕೈಲೆ ಕಟ್ಟ್ಯಾರ, ಇನ್ನ ಬೀಳಂಗಿಲ್ಲ ಅಂತ ಹೇಳ್ತೀನಿ. ನಿಮ್ಮ ಮಾತಂದ್ರ ಅದಕ್ಕ ವೇದ."

ನಾನು ಆಗಲೂ ಹೇಳಬಹುದಿತ್ತು. ಬಸ್ಸಿಗೆ ತಡವಾಗುತ್ತದೆ ಎಂದೆ.

ಮನೆಯಲ್ಲಿ ಅಜ್ಜಿ ಬನಶಂಕರಿ ನನ್ನ ಮುಖ ನೋಡಿ, "ಯಾಕವಾ, ಎಳಿ ಹರದ ಮಗ್ಗದ ಮುಂದ ಕುಂತಂಗ ಕುಂತೀದಿ?" ಎಂದಳು. ತಲೆನೋವು ಎಂದೆ. ಡೈರಿ ತೆಗೆದು ತಾರೀಖು ಹಾಕಿದೆ. ಸೆಪ್ಟೆಂಬರ್‌ನ ತಾರೀಖು, ಖರೆ ತಾರೀಖು. ಅದರ ಕೆಳಗೆ ಏನೂ ಬರೆಯಲಾಗಲಿಲ್ಲ.

ಗುರುವಾರ ಬೆಳಿಗ್ಗೆ ಮಳೆ ಹಿಡಿದಿತ್ತು. ದೊಡ್ಡ ಮಳೆಯಲ್ಲ, ಬಿಡದ ಜಿಟಿಜಿಟಿ. ನಾನು ಟಂಟಂ ಇಳಿದಾಗ ಬೇವಿನ ಗಿಡದ ಕೆಳಗೆ ಕೆಸರು ನಿಂತಿತ್ತು, ಅಲ್ಲಿ ಯಾರೂ ಇರಲಿಲ್ಲ. ನನ್ನ ಕೋಣೆಯಿಂದ ಮಗ್ಗಿಯ ದನಿ ಬರುತ್ತಿತ್ತು. ಮಾಸ್ತರರು ಬಾಗಿಲಲ್ಲೇ ನಿಂತಿದ್ದರು.

"ಮಳಿ ನಿಂತ ಮ್ಯಾಲೆ ಹೊರಗ ಕರಕೊಂತೀಯಂತ," ಎಂದರು, ನನ್ನ ಕಡೆ ನೋಡದೆ. "ಹತ್ತಕ್ಕ ಬರ್ತಾನ ಆಂವ. ಕ್ವಾರಿಯವರು ಹನ್ನೆರಡರ ತನಕ ತಡೀತೀವಿ ಅಂದಾರ. ಅಷ್ಟರಾಗ ನೋಡಿ ಹೋಗ್ತಾನ."

"ಹನ್ನೆರಡಕ್ಕ ಹಾರಸ್ತಾರೇನ್ರಿ? ಮಳ್ಯಾಗ?"

"ಕುಣಿಗೆ ಮದ್ದು ತುಂಬಿಬಿಟ್ಟಾರಂತವಾ. ತುಂಬಿದ್ದನ್ನ ಹಂಗ ಇಡಾಕ ಬರಂಗಿಲ್ಲಂತ."

ಒಳಗೆ ಹೋದೆ. ಅಂಕಿತಾ ತನ್ನ ಹಳೆಯ ಜಾಗದಲ್ಲಿದ್ದಳು. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ತಲೆಯನ್ನು ಕೊನೆಯ ಗಾಜಿನ ಕೆಳಗೆ ಆನಿಸಿ. ಮೂರು ದಿನದ ಬಳಿಕ ಮುಖ ತಿಳಿಯಾಗಿತ್ತು.

"ಅಕ್ಕಾರ, ನಮ್ಮಾಯಿ ಹೇಳಿದ್ಲು. ನೀವ ಕಟ್ಟೀರಂತ?"

"ಈ ಕಡೆ ಬಂದು ಕುಂಡ್ರು, ಅಂಕಿತಾ."

"ಯಾಕ್ರಿ?"

ಮಕ್ಕಳೆಲ್ಲ ನನ್ನನ್ನು ನೋಡಿದರು. ಬಾಗಿಲಲ್ಲಿ ಮಾಸ್ತರರ ಬೆನ್ನು ಕಾಣುತ್ತಿತ್ತು. "ಅಲ್ಲಿ ಥಂಡಿ ಐತಿ," ಎಂದೆ. ಅವಳು ಒಂದು ಗೇಣು ಸರಿದಳು, ನಾನು ಬೋರ್ಡಿಗೆ ತಿರುಗಿದೊಡನೆ ಮತ್ತೆ ಒರಗಿದಳು. ಅವಳನ್ನು ನೋಡಿ ಇನ್ನಿಬ್ಬರು ಹೋಗಿ ಒರಗಿದರು.

ಹತ್ತಾಯಿತು, ಹನ್ನೊಂದಾಯಿತು. ಎಂಜಿನಿಯರ್ ಬರಲಿಲ್ಲ. ನಾನು ಮಕ್ಕಳಿಗೆ ಪಾಠ ಓದಲು ಹಚ್ಚಿ ನಡುನಡುವೆ ಗಾಜು ನೋಡುತ್ತಿದ್ದೆ. ಕೆಳಗಿನದರ ಕೊನೆಯ ಏಳಕ್ಕೆ ಗೆರೆ ಇರಲಿಲ್ಲ. ಹೌದು, ಮರೆತೇ ಬಿಟ್ಟಿದ್ದೆ. ಪೆನ್ನು ಚೀಲದಲ್ಲೇ ಇತ್ತು. ಅಲ್ಲಿ ಹೋಗಿ ಎಳೆಯಬೇಕೆಂದರೆ ಅಂಕಿತಾಳ ತಲೆಯ ಮೇಲೆ ಬಗ್ಗಬೇಕಾಗಿತ್ತು. ಬಿರುಕಿನ ಬಾಯಿಯಿಂದ ಸಣ್ಣಗೆ ಉಸುಕು ಉದುರುತ್ತಿತ್ತು. ಅವಳ ಹೆಗಲ ಮೇಲೆ ಬಿದ್ದದ್ದನ್ನು ಅವಳು ನೊಣ ಹೊಡೆದ ಹಾಗೆ ಕೊಡವಿಕೊಂಡಳು.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಹೊನ್ನೇಶ ಅವರ ಬೈಕು ಬಂತು. ರೇನ್‌ಕೋಟಿನಿಂದ ನೀರು ಸುರಿಯುತ್ತಿತ್ತು.

"ಸಾರಿ ಸರ್, ಹಳ್ಳ ಬಂದಿತ್ತು, ಸುತ್ತು ಹೊಡದು ಬಂದೆ," ಎನ್ನುತ್ತ ಒಳಗೆ ಬಂದು, ನನಗೆ ನಮಸ್ಕಾರ ಮಾಡಿ, ನೇರ ಗೋಡೆಯ ಹತ್ತಿರ ಹೋದರು. ಮೂರೂ ಗಾಜುಗಳನ್ನು ಮೊಬೈಲಿನ ಬೆಳಕು ಹಿಡಿದು ನೋಡಿದರು. ಕೆಳಗಿನದನ್ನೂ ನೋಡಿದರು. ಗೆರೆ ಇಲ್ಲದ ಏಳು ಅವರ ಕಣ್ಣಿಗೆ ಬೀಳಲೇ ಇಲ್ಲ.

"ಒಂದೂ ಒಡದಿಲ್ಲ!" ಎಂದು ನಕ್ಕರು. "ಖರೆ ಹೇಳಬೇಕಂದ್ರ ನನಗ ನಿದ್ದಿನ ಇರ್ಲಿಲ್ರಿ ಸರ್. ಏನಾತೋ ಏನೋ ಅಂತ. ಸತ್ತ ಬಿರುಕು ಬಿಡ್ರಿ, ಬದುಕಿದ್ವಿ."

"ಹೌದ್ರಿ," ಎಂದರು ಮಾಸ್ತರರು.

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಒಂದನೇ ತರಗತಿಯ ಮಕ್ಕಳ ಕಿರುಚಾಟ ಕೇಳಿತು. ಆ ಕೋಣೆಯ ಛಾವಣಿ ಸೋರುತ್ತದೆ, ಮೂಲೆಯ ನೀರು ನಡುವಿಗೆ ಬಂದಿತ್ತು. ಹೊನ್ನೇಶ ಅವರು ಹೋಗಿ ನೋಡಿ ತಿರುಗಿ ಬಂದರು.

"ಸರ್, ಆ ಕೋಣಿ ಕೆಲಸಕ್ಕ ಬರಂಗಿಲ್ಲ. ಕರೆಂಟ್ ವೈರ್ ಬ್ಯಾರೆ ಹಸೀ ಆಗೈತಿ. ಆ ಹುಡುಗೂರ್ನೂ ಇಲ್ಲೇ ಕರಕೊಂಡು ಬರ್ರಿ. ಛಾವಣಿ ರಿಪೇರಿ ಆಗೂತನಕ ಎಲ್ಲಾರೂ ಇಲ್ಲೇ ಕುಂಡ್ರಲಿ. ಈ ಕೋಣಿ ಗಟ್ಟಿ ಐತಿ ಅಂತ ಈಗ ಬರದುಕೊಟ್ಟ ಹೋಗ್ತೀನಿ."

ಮಾಸ್ತರರು ಬಾಯಿ ತೆರೆದರು. ನನ್ನನ್ನು ನೋಡಿದರು. ಒಂದೂ ಕೂಸು ಕಾಲಿಡುವುದಿಲ್ಲ ಎಂದು ಮಾತು ಕೊಟ್ಟ ಮನುಷ್ಯ, "ಆತ್ರಿ," ಎಂದರು.

ಸಣ್ಣವರು ಓಡುತ್ತ ಬಂದರು. ಇಪ್ಪತ್ತಮೂರು ಮಕ್ಕಳು, ಒದ್ದೆ ತಲೆ, ಒದ್ದೆ ಚೀಲ. ಬಾಗಿಲ ಕಡೆ ಎರಚಲು ಹೊಡೆಯುತ್ತಿತ್ತು. ಹೀಗಾಗಿ ಎಲ್ಲರೂ ಒಣ ಜಾಗ ಹುಡುಕಿ ಹಿಂದಕ್ಕೆ ಹೋದರು. ಅಂಕಿತಾ ದೊಡ್ಡಸ್ತಿಕೆಯಿಂದ ಅವರಿಗೆ ಜಾಗ ಮಾಡಿಕೊಟ್ಟಳು. "ಒತ್ತಿ ಕುಂಡ್ರ್ರಿ, ಗ್ವಾಡಿಗೆ ಒತ್ತಿ ಕುಂಡ್ರ್ರಿ. ಏನೂ ಆಗಂಗಿಲ್ಲ, ಅಕ್ಕಾರ ಕಟ್ಟ್ಯಾರ," ಎನ್ನುತ್ತ ಒಂದನೇ ತರಗತಿಯ ಒಬ್ಬಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಹಿಂದಿನ ಗೋಡೆಯ ಉದ್ದಕ್ಕೂ ತಲೆಗಳು. ಗೋಡೆ ಕಾಣದಾಯಿತು, ಗಾಜುಗಳಷ್ಟೇ ಕಾಣುತ್ತಿದ್ದವು.

ಹೊನ್ನೇಶ ಅವರು ನನ್ನ ಮೇಜಿನ ಮೇಲೆ ಕಾಗದ ಹರಡಿ ಬರೆಯತೊಡಗಿದರು. ಬರೆದು ಮುಗಿಸಿ, ಪೆನ್ನನ್ನು ನನ್ನ ಕಡೆ ಚಾಚಿದರು.

"ಈ ಕೋಣಿ ಟೀಚರ್ ನೀವಲ್ರಿ ಮೇಡಂ? ದಿನಾ ನೋಡಾವ್ರು. ಇಲ್ಲೊಂದು ಸಹಿ ಮಾಡಿಬಿಡ್ರಿ."

ಆಗ ಗುಡ್ಡದ ಕಡೆಯಿಂದ ಮೊದಲ ಸೈರನ್ ಕೂಗಿತು.

ನಲವತ್ತೊಂದು ಮಕ್ಕಳು ಒಟ್ಟಿಗೆ ಚೀಲದಿಂದ ತಾಟು ತೆಗೆದರು. ಯಾರೂ ಎದ್ದು ಹೋಗಲಿಲ್ಲ, ಹೊರಗೆ ಮಳೆ. ಶಾರದವ್ವ ತಲೆಯ ಮೇಲೆ ಗೋಣಿತಾಟು ಹೊದ್ದು ಅನ್ನದ ಬೋಗುಣಿ ಹೊತ್ತು ಅಂಗಳ ದಾಟುತ್ತಿದ್ದಳು. ಎರಡನೇ ಸೈರನ್ನಿಗೆ ಐದು ನಿಮಿಷವಿರುತ್ತದೆ, ಕೆಲವೊಮ್ಮೆ ಅಷ್ಟೂ ಇರುವುದಿಲ್ಲ. ಮಾಸ್ತರರು ಗಡಿಯಾರ ನೋಡಿ, ಮಕ್ಕಳನ್ನು ನೋಡಿ, ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಂಕಿತಾ ತೊಡೆಯ ಮೇಲಿನ ಕೂಸಿಗೆ ತಾಟಿನ ಮೇಲೆ ಅಂಗೈ ಹೇಗೆ ಮುಚ್ಚಬೇಕೆಂದು ಹೇಳಿಕೊಡುತ್ತಿದ್ದಳು.

"ಮೇಡಂ? ಸಹಿ," ಎಂದರು ಹೊನ್ನೇಶ.

ಪೆನ್ನು ನನ್ನ ಕೈಯಲ್ಲಿತ್ತು. ಅದನ್ನು ಕಾಗದದ ಮೇಲೆ ಅಡ್ಡ ಇಟ್ಟೆ. ಹಿಂದಿನ ಗೋಡೆಯ ಮಕ್ಕಳವರೆಗೂ ಕೇಳುವ ಹಾಗೆ ಹೇಳಿದೆ.

"ಸರ್, ಆ ಗಾಜು ನಿಮ್ಮವಲ್ಲ. ನಿಮ್ಮವು ಮೂರೂ ಸೋಮವಾರನ ಒಡದಾವ. ಇವನ್ನ ನಿನ್ನೆ ಹಚ್ಚಿದಾಕಿ ನಾನು."